ಮುಳಿಯಿಂದ ತಾರಸಿಗೆ: ಕಾಸರಗೋಡಿನ ಮನೆಯ ಮಾಡು ಮತ್ತು ಅದರ ಕ್ರಯ

ಗಡಿಯಾಚೆಯ ಕನ್ನಡಿಗರ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆ, ಭಾಷೆ, ಆಯೋಗದ ವರದಿ ಇವುಗಳಿಂದ ಶುರು ಮಾಡ್ತೇವೆ. ಇವತ್ತು ನಾನು ತಲೆಯೆತ್ತಿ ಮಾಡಿನ ಕಡೆ ನೋಡುವ ಅಂತ ಇದ್ದೇನೆ. ಸೊಲ್ಲಾಪುರ ಕಡೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡ್ತೇನೆ: ನಮ್ಮಲ್ಲಿ 'ಮಾಡು' ಅಂದರೆ ಮನೆಯ ಛಾವಣಿ. ನಿಮ್ಮ ಗೋಡೆಯಲ್ಲಿ ದೀಪ ಇಡುವ 'ಮಾಡ' ಬೇರೆ.

ಕಾಸರಗೋಡು, ಮಂಜೇಶ್ವರ ಕಡೆ ಮಳೆಗಾಲ ಹತ್ತಿರ ಬಂದಾಗ ಹಳೆಯ ಮನೆಗಳಲ್ಲೆಲ್ಲ ಒಂದೇ ಚರ್ಚೆ. ಹಂಚು ತೆಗೆದು ಶೀಟು ಹಾಕುವುದಾ, ತಾರಸಿ ಮಾಡುವುದಾ, ಇಲ್ಲ ಈ ವರ್ಷವೂ ಹಾಗೇ ದೂಡುವುದಾ? ಕೊನೆಗೆ ಬರುವ ಉತ್ತರವೂ ಒಂದೇ: "ಎಲ್ಲದಕ್ಕೂ ಕ್ರಯ ಏರಿದೆ ಮಾರಾಯ್ರೆ." ಈ ಉತ್ತರ ಸತ್ಯ, ಆದರೆ ಅರ್ಧ ಸತ್ಯ. ನೂರೈವತ್ತು ವರ್ಷಗಳ ಲೆಕ್ಕ ತೆಗೆದರೆ ಪ್ರತಿ ಕಾಲದಲ್ಲಿ ದುಬಾರಿಯಾದ ವಸ್ತು ಬೇರೆ ಬೇರೆ. ಒಮ್ಮೆ ಆಳು, ಒಮ್ಮೆ ಮರ, ಒಮ್ಮೆ ಹೊಯ್ಗೆ, ಒಮ್ಮೆ ಕಬ್ಬಿಣ. ಯಾವುದು ದುಬಾರಿಯಾಯಿತು ಅನ್ನುವುದನ್ನು ನೋಡಿದರೆ ನೆಲ ಯಾರ ಕೈಯಲ್ಲಿತ್ತು, ಗಡಿ ಎಲ್ಲಿತ್ತು ಅನ್ನುವುದೂ ಕಾಣುತ್ತದೆ. ನನ್ನ ವಾದ ಇಷ್ಟೇ.

1. ಮುಳಿ ಮಾಡು: ಹಣವಿಲ್ಲದ ಖರ್ಚು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಇಷ್ಟು ಮಳೆಗೆ ಇಳಿಜಾರು ಮಾಡೇ ಗತಿ. ಗೋಡೆಗೆ ಮುರಕಲ್ಲು ಅಥವಾ ಮಣ್ಣು. ಮಾಡಿಗೆ ಪದವಿನಲ್ಲಿ ಬೆಳೆಯುವ ಮುಳಿಹುಲ್ಲು, ತೆಂಗಿನ ಮಡಲು, ಅಡಿಕೆ ಸೋಗೆ. ಮಳೆ ಬಿಟ್ಟು ಹುಲ್ಲು ಬಲಿತ ಮೇಲೆ ಕೊಯ್ದು, ಕಟ್ಟು ಕಟ್ಟಿ ಇಟ್ಟು, ಮುಂದಿನ ಮಳೆಗೆ ಮೊದಲು ಹೊದೆಸಬೇಕು. ಒಂದು ದಿನ ಇವರ ಮನೆಗೆ ಹತ್ತು ಜನ, ಇನ್ನೊಂದು ದಿನ ಅವರ ಮನೆಗೆ. ನಗದು ಖರ್ಚು ಕಡಿಮೆ.

ಹಾಗಂತ ಅದು ಪುಕ್ಕಟೆ ಅಂತ ತಿಳಿಯಬಾರದು. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 'ಕುಮ್ಕಿ' ಅಂತ ಒಂದು ಸವಲತ್ತು ಇತ್ತು. ವರ್ಗದ ಜಾಗ ಇದ್ದವರು ಅದಕ್ಕೆ ತಾಗಿದ ಸರ್ಕಾರಿ ಜಾಗದಿಂದ ಸೊಪ್ಪು, ಹುಲ್ಲು, ಮರ ತೆಗೆದುಕೊಳ್ಳಬಹುದಿತ್ತು. ಅಂದರೆ ಮಾಡಿನ ಸಾಮಾನು ಭೂಮಿಯ ಹಕ್ಕಿಗೆ ಅಂಟಿಕೊಂಡಿತ್ತು. ವರ್ಗ ಇಲ್ಲದ ಒಕ್ಕಲು, ಬಿಡಾರ ಹಾಕಿಕೊಂಡ ಕೂಲಿಯಾಳು, ಧಣಿಯ ಮುಖ ನೋಡಬೇಕು. ಧಣಿಯ ಮನೆಗೆ ಹುಲ್ಲು ಹೊದೆಸಿ ಮುಗಿದ ಮೇಲೆ ತನ್ನ ಗುಡಿಸಲು. ಪಕ್ಕದ ಮಲಬಾರಿನಲ್ಲಂತೂ ಹಂಚು ಹೊದೆಸುವುದು ಒಂದು ಕಾಲದಲ್ಲಿ ಎಲ್ಲರಿಗೂ ಸಿಗುವ ಹಕ್ಕಾಗಿರಲಿಲ್ಲ. ಆದ್ದರಿಂದ ಮುಳಿ ಮಾಡನ್ನು 'ಆಗಿನ ಕಾಲದ ತಂಪು' ಅಂತ ಮಾತ್ರ ನೆನಪಿಸಿಕೊಳ್ಳುವವರು ಆ ತಂಪು ಯಾರ ಬೆವರಿನದ್ದು ಅಂತಲೂ ಕೇಳಿಕೊಳ್ಳಬೇಕು.

2. ಹಂಚು ಬಂತು, ಮರ ದುಬಾರಿಯಾಯಿತು

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ಬದಿಯ ಜೇಡಿಮಣ್ಣು, ಯಂತ್ರದ ಒತ್ತು, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಅಂಚು. ಮುಂದೆ ಮಲ್ಪೆ, ಕಲ್ಲಿಕೋಟೆ, ಕೋಡಕ್ಕಲ್, ಫೆರೋಕ್ ಮುಂತಾದ ಕಡೆಯೂ ಮಿಶನ್ನಿನ ಕಾರ್ಖಾನೆಗಳಾದವು. ಮಂಗಳೂರಿನಲ್ಲಿ ಊರಿನ ಉದ್ಯಮಿಗಳೂ ಹಂಚಿಗೆ ಇಳಿದರು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಮಿಶನ್ನಿನ ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಮೊದಲು ಹಂಚು ಮಂಜಿಯಲ್ಲಿ ಕಡಲ ದಾರಿ ಹಿಡಿಯುತ್ತಿತ್ತು. 1907ರಲ್ಲಿ ಕಾಸರಗೋಡಿನ ಮೂಲಕ ಮಂಗಳೂರಿಗೆ ರೈಲು ಬಂದ ಮೇಲೆ ಇನ್ನೊಂದು ದಾರಿ ಆಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕುವ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಒಂದು ಹಂಚಿನ ತೂಕ ಎರಡೂವರೆ ಕಿಲೋ ಅಂತ ಇಟ್ಟುಕೊಳ್ಳಿ. 1,000 ಚದರ ಅಡಿಯ ಮಾಡಿಗೆ 1,400ರ ಹತ್ತಿರ ಹಂಚು, ಒಟ್ಟು ಮೂರೂವರೆ ಟನ್ ಭಾರ. ಒಣ ಹುಲ್ಲಿಗೆ ಬಿದಿರು, ಅಡಿಕೆ ಸಲಾಕೆ ಸಾಕು. ಹುಲ್ಲಿಗೆ ಕೋಲು ಸೊಟ್ಟಗಿದ್ದರೂ ನಡೆಯುತ್ತದೆ. ಹಂಚಿಗೆ ನಡೆಯುವುದಿಲ್ಲ. ಪಕ್ಕಾಸು ನೇರ ಇರಬೇಕು, ರೀಪುಗಳ ಅಂತರ ಸಮ ಇರಬೇಕು, ಇಲ್ಲದಿದ್ದರೆ ಹಂಚು ಕೂರುವುದೇ ಇಲ್ಲ. ಅಂದರೆ ಕೊಯ್ದ ಮರ ಬೇಕು, ಆಚಾರಿ ಬೇಕು, ಆಚಾರಿಗೆ ಕೂಲಿ ಬೇಕು. ತೋಟದಲ್ಲಿ ಹಲಸು, ಹೆಬ್ಬಲಸು, ಬೇಂಗ ಇದ್ದವರ ಮನೆಗೆ ಹಂಚು ಬೇಗ ಬಂತು. ಹಂಚು ಕೊಳ್ಳುವ ದುಡ್ಡು ಕೂಡಿಸಿಯೂ ಮರ ಇಲ್ಲದೆ ಹುಲ್ಲಿನ ಕೆಳಗೇ ಉಳಿದವರ ಕತೆ ನಮ್ಮ ಹಿರಿಯರ ಬಾಯಲ್ಲಿ ಕೇಳಿದ್ದೇನೆ.

ಇದು ಬದಲಾದದ್ದು ಹಂಚಿನ ಕ್ರಯ ಇಳಿದು ಅಲ್ಲ, ಕಾನೂನಿನಿಂದ. 1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳದ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲಿಗೆ ಭೂಮಿ, ಪಂಚಾಯತ್ ಪ್ರದೇಶದ ಬಿಡಾರದವರಿಗೆ 10 ಸೆಂಟ್ಸಿನವರೆಗೆ ಜಾಗ ಪಡೆಯುವ ಹಕ್ಕು ಸಿಕ್ಕಿತು. ನಾಳೆ ಎಬ್ಬಿಸಿ ಕಳಿಸುವ ಜಾಗದಲ್ಲಿ ಯಾರೂ ಹಂಚಿನ ಮನೆ ಕಟ್ಟುವುದಿಲ್ಲ. ಜಾಗ ತನ್ನದಾದ ಮೇಲೆ ಕಟ್ಟುತ್ತಾರೆ. ಅದರ ಬೆನ್ನಿಗೆ ಎಂ. ಎನ್. ಗೋವಿಂದನ್ ನಾಯರ್ ವಸತಿ ಸಚಿವರಾಗಿದ್ದಾಗಿನ ಲಕ್ಷ ಮನೆ ಯೋಜನೆ ಬಂತು. 'ಲಕ್ಷಂ ವೀಡು' ಅನ್ನುವ ಹೆಸರು ಈಗಲೂ ಊರುಗಳಲ್ಲಿ ಉಳಿದಿದೆ.

3. ಅದೇ ಹಂಚು, ಅದೇ ದಾರಿ, ಬೇರೆ ರಾಜ್ಯ

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. 1956ರ ಅಕ್ಟೋಬರ್ 31ರವರೆಗೆ ಮಂಗಳೂರು ನಮ್ಮ ಜಿಲ್ಲಾ ಕೇಂದ್ರ. ನವೆಂಬರ್ 1ಕ್ಕೆ ಅದು ಬೇರೆ ರಾಜ್ಯದ ಪೇಟೆ. ಅದೇ ವರ್ಷದ ಕೇಂದ್ರೀಯ ಮಾರಾಟ ತೆರಿಗೆ ಕಾಯಿದೆಯ ಲೆಕ್ಕದಲ್ಲಿ ಜೆಪ್ಪಿನಿಂದ ಕುಂಬಳೆಗೆ ಬರುವ ಹಂಚು ಅಂತರರಾಜ್ಯ ವ್ಯಾಪಾರದ ಸರಕಾಯಿತು. ಚೆಕ್‌ಪೋಸ್ಟು, ಬಿಲ್ಲು, ಕಾಯುವುದು, ಕಾಯುವ ಲಾರಿಯ ಬಾಡಿಗೆ. ಇವೆಲ್ಲ ಹಂಚಿನ ಕ್ರಯದ ಒಳಗೆ ಕೂತವು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆಯ ಚೆಕ್‌ಪೋಸ್ಟು ಹೋಯಿತು. 2020ರ ಮಾರ್ಚಿನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ಗಡಿ ಅಂದರೆ ಏನು ಅಂತ ಮತ್ತೆ ಗೊತ್ತಾಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗದ ಬಗ್ಗೆ ಏನು ಹೇಳಿತು ಅನ್ನುವುದು ನಮಗೆಲ್ಲ ಬಾಯಿಪಾಠ. ಆದರೆ ಆ ಗೆರೆ ಒಂದು ಮನೆಯ ಖರ್ಚಿಗೆ ಎಷ್ಟು ಸೇರಿಸಿತು ಅಂತ ನಾವು ಲೆಕ್ಕ ಇಟ್ಟಿಲ್ಲ.

4. ತಾರಸಿ: ಎಲ್ಲವೂ ಪೇಟೆಯಿಂದ

ಸಿಮೆಂಟು ಬಹಳ ಕಾಲ ಪರ್ಮಿಟ್ ಸರಕು. 1982ರಲ್ಲಿ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅದೇ ಹೊತ್ತಿಗೆ ಗಲ್ಫಿನ ದುಡ್ಡು ಬರುತ್ತಿತ್ತು. ತಾರಸಿ ಮನೆ ಅನುಕೂಲದ್ದೂ ಆಯಿತು, ಮರ್ಯಾದೆಯದ್ದೂ ಆಯಿತು. ಆದರೆ ತಾರಸಿಗೆ ತೋಟದಿಂದ ಏನೂ ಬರುವುದಿಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ, ಹೊಯ್ಗೆ ಎಲ್ಲಕ್ಕೂ ರೊಕ್ಕ ಎಣಿಸಬೇಕು.

ಹೊಳೆ ಬತ್ತದಿರಲಿ ಅಂತ ಕೇರಳ 2001ರಲ್ಲಿ ಹೊಯ್ಗೆ ತೆಗೆಯುವುದಕ್ಕೆ ಕಾಯಿದೆ ತಂದಿತು. ಗದ್ದೆ, ಜೌಗು ನೆಲ ಉಳಿಸುವ ಕಾಯಿದೆ 2008ರಲ್ಲಿ ಬಂತು. ಎರಡೂ ಬೇಕಾದ ಕಾನೂನುಗಳೇ. ಆದರೆ ಹೊಯ್ಗೆಯ ಬದಲು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬಂತು, ಹಂಚಿನ ಕಾರ್ಖಾನೆಗಳಿಗೆ ಗದ್ದೆಯ ಜೇಡಿಮಣ್ಣು ಕಷ್ಟವಾಯಿತು. ಕಬ್ಬಿಣದ ಕ್ರಯ ಎಷ್ಟು ಏರಿತ್ತು ಅಂದರೆ 2022ರ ಮೇಯಲ್ಲಿ ಕೇಂದ್ರ ಸರ್ಕಾರವೇ ಉಕ್ಕಿನ ರಫ್ತಿಗೆ ಶೇ. 15 ಸುಂಕ ಹಾಕಿ, ನವೆಂಬರಿನಲ್ಲಿ ತೆಗೆಯಿತು. ಸಿಮೆಂಟಿನ ಮೇಲಿನ ಜಿಎಸ್‌ಟಿ 2017ರಿಂದ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಂದು ಶೇ. 18ಕ್ಕೆ ಇಳಿಯಿತು. ಕೇರಳದ ಲೈಫ್ ಯೋಜನೆಯಲ್ಲಿ ಒಂದು ಮನೆಗೆ ಸಿಗುವುದು 4 ಲಕ್ಷ ರೂಪಾಯಿ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಗೆ 2016ರಲ್ಲಿ ಬಯಲು ಪ್ರದೇಶಕ್ಕೆ ನಿಗದಿಯಾದದ್ದು 1.20 ಲಕ್ಷ. ನೆರವಿನ ಮೊತ್ತ ಒಮ್ಮೆ ನಿಗದಿಯಾದರೆ ಅಲ್ಲೇ ನಿಲ್ಲುತ್ತದೆ, ಸಾಮಾನಿನ ಕ್ರಯ ನಿಲ್ಲುವುದಿಲ್ಲ. ನಡುವಿನ ಕಂದಕ ತುಂಬುವುದು ಹೆಂಡತಿಯ ಬಂಗಾರ, ಸಹಕಾರಿ ಬ್ಯಾಂಕಿನ ಸಾಲ.

ಮತ್ತೂ ಒಂದು ವಿಚಿತ್ರ ನೋಡಿ. ಇಷ್ಟು ಮಾಡಿ ಕಟ್ಟಿದ ಸಪಾಟು ತಾರಸಿ ನಮ್ಮ ಮಳೆಗೆ ಸೋರುತ್ತದೆ, ಬೇಸಿಗೆಯಲ್ಲಿ ಕಾದ ಹೆಂಚಾಗುತ್ತದೆ. ಆಗ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ಶೀಟು ಹಾಕಿಸ್ತಾರೆ. ಅಡಿಕೆ ಒಣಗಿಸಲಿಕ್ಕೂ ಆಯಿತು ಅಂತ ಸಮಾಧಾನ. ಒಂದು ಮನೆಗೆ ಎರಡು ಮಾಡಿನ ಖರ್ಚು! ಅಜ್ಜ ಕೊಟ್ಟ ಇಳಿಜಾರಿಗೇ ಮೊಮ್ಮಗ ಸಾಲ ಮಾಡಿ ವಾಪಸು ಬಂದ.

5. ಸೊಲ್ಲಾಪುರದ ಕಡೆಗೆ ಒಂದು ನೋಟ

ಇದು ಕರಾವಳಿಯ ಮಳೆಯ ಕತೆ ಮಾತ್ರವಾ ಅಂತ ನೀವು ಕೇಳಬಹುದು. ಅಕ್ಕಲಕೋಟೆ, ಜತ್ತದ ಕಡೆ ಮಳೆ ಕಡಿಮೆ. ಅಲ್ಲಿ ಕಲ್ಲುಗೋಡೆ, ಜಂತಿ, ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆ. ಅಲ್ಲೂ ಮಳೆಗಾಲಕ್ಕೆ ಮೊದಲು ಮಣ್ಣು ಹಾಕಿ ಗಟ್ಟಿ ಮಾಡಬೇಕು, ಅದಕ್ಕೂ ಆಳು ಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಪಕ್ಕದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಇಂಥದೇ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ಆಮೇಲೆ ಭಾರದ ಮಾಳಿಗೆ ಕಂಡರೆ ಹೆದರಿಕೆ. ಪತ್ರಾಸಿನತ್ತ ಹೋದವರಿಗೆ ಕಾರಣ ಹಣ ಮಾತ್ರ ಆಗಿರಲಿಲ್ಲ, ಜೀವಭಯವೂ ಇತ್ತು. ನಮ್ಮಲ್ಲಿ ಮಳೆ, ಅಲ್ಲಿ ಭೂಮಿ. ಆದರೆ ವರ್ಷಾವಧಿ ಕೈಗೆಲಸ ಬೇಡುವ ಮಾಡು ಎರಡೂ ಕಡೆ ಸೋತದ್ದು ಆ ಕೈಗಳು ಸಿಗದೆ ಹೋದಾಗಲೇ.

6. ಅಟ್ಟದಲ್ಲಿ ಏನುಂಟು?

ಈಗ ನನ್ನ ನಿಜವಾದ ಚಿಂತೆಗೆ ಬರ್ತೇನೆ. ಹಂಚು ಗಟ್ಟಿ, ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ್ದೇ ಇದೆ. ಹಾಳಾಗುವುದು ಕೆಳಗಿನ ರೀಪು, ಪಕ್ಕಾಸು. ಮರ ಕೊಳ್ಳಲಾಗದು, ಮಾಡಿಗೆ ಹತ್ತುವ ಕೈ ಸಿಗದು, ಮಂಗಗಳ ಕಾಟ ಬೇರೆ. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ. ಎರಡು ಮಳೆಗಾಲ ನಾಲ್ಕು ಹಂಚು ಬದಲಿಸದೆ ಬಿಟ್ಟರೆ ಸಾಕು, ಮನೆ ಮೇಲಿಂದ ಕೆಳಗೆ ಕರಗಲಿಕ್ಕೆ ಶುರು. ಮೊದಲು ಒದ್ದೆಯಾಗುವುದು ಅಟ್ಟ.

ಅಟ್ಟದಲ್ಲಿ ಏನಿರುತ್ತದೆ? 1956ಕ್ಕೆ ಮೊದಲಿನ ಕನ್ನಡದ ಭೂದಾಖಲೆ, ಗೇಣಿ ಚೀಟಿ, ತಾಳೆಗರಿ, ಯಕ್ಷಗಾನ ಪ್ರಸಂಗದ ಪ್ರತಿ, ಮನೆಯ ಲೆಕ್ಕದ ಪುಸ್ತಕ. ಇಲ್ಲಿ ಕನ್ನಡ ಹಿಂದಿನಿಂದ ಇತ್ತು ಅನ್ನುವುದಕ್ಕೆ ನಾವು ಆಯೋಗದ ವರದಿ ತೋರಿಸ್ತೇವೆ. ಅದಕ್ಕಿಂತ ಹತ್ತಿರದ ಸಾಕ್ಷಿ ಸೋರುವ ಮಾಡಿನ ಕೆಳಗಿದೆ. ಜತೆಗೆ ಪದಗಳೂ ಹೋಗುತ್ತವೆ. ಮೇಸ್ತ್ರಿಯ ಅಂದಾಜುಪಟ್ಟಿಯಲ್ಲಿ ಪಕ್ಕಾಸು ಈಗ 'ಕಳುಕ್ಕೋಲ್', ರೀಪು 'ಪಟ್ಟಿಕ'. ಮಲಯಾಳದ ಮೇಲೆ ನನಗೇನೂ ಕೋಪ ಇಲ್ಲ. ಆದರೆ ಮರವೇ ಹೋಗಿ ಕಬ್ಬಿಣದ ಪೈಪು ಬಂದ ಮೇಲೆ ಎರಡು ಭಾಷೆಯ ಪದಕ್ಕೂ ಮನೆ ಇಲ್ಲ.

ಆದ್ದರಿಂದ ಒಂದು ವಿನಂತಿ. ಶೀಟು ಹಾಕಬೇಡಿ, ತಾರಸಿ ಕಟ್ಟಬೇಡಿ ಅಂತ ಹೇಳುವ ಅಧಿಕಾರ ನನಗಿಲ್ಲ. ಸೋರುವ ಮನೆಯಲ್ಲಿ ಮಲಗುವವರಿಗೆ ಪರಂಪರೆಯ ಪಾಠ ಹೇಳುವುದು ಸರಿಯಲ್ಲ. ಮಾಡು ಇಳಿಸುವ ಮೊದಲು ಅಟ್ಟ ಇಳಿಸಿ. ಲೆಕ್ಕದ ಪುಸ್ತಕ ಸಿಕ್ಕಿದರೆ ಬಿಸಾಡಬೇಡಿ. ಯಾವ ವರ್ಷ ಹುಲ್ಲಿಗೆ ಎಷ್ಟು, ಹಂಚಿಗೆ ಎಷ್ಟು, ಆಚಾರಿಗೆ ಎಷ್ಟು ಅಂತ ಅದರಲ್ಲಿ ಇರುತ್ತದೆ. ಪುಟಗಳ ಫೋಟೋ ತೆಗೆದು ಹತ್ತಿರದ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ ಕೊಡಿ. ಕ್ರಯ ಏರಿದ್ದು ಹೇಗೆ ಅಂತ ನಾಳೆ ಬರೆಯುವವರಿಗೆ ಅದೇ ಆಧಾರ. ನನ್ನ ಮಾತು ಇಲ್ಲಿಗೆ ನಿಲ್ಲಿಸ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.