ಓಡುತ್ತಿರುವ ಲೆಕ್ಕದೊಳಗೆ ದೂರದಿಂದ ಇಣುಕುವುದು

ಮುಧೋಳದ ಕಾಲೇಜಿನ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಗಣಕಯಂತ್ರವೊಂದರಲ್ಲಿ ನರಕೋಶದ ಸಿಮ್ಯುಲೇಶನ್ ಓಡಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯ ಲೆಕ್ಕ. ಮೂರನೆಯ ಗಂಟೆಗೇ ಉತ್ತರ ವಿಚಿತ್ರವಾಗಿ ಕಾಣುತ್ತದೆ. ನಿಲ್ಲಿಸಿದರೆ ಮೂರು ಗಂಟೆ ವ್ಯರ್ಥ. ನಿಲ್ಲಿಸದಿದ್ದರೆ ತಪ್ಪು ಎಲ್ಲಿದೆ ಎಂದು ತಿಳಿಯದು.

ಈ ಇಕ್ಕಟ್ಟು ಗಣಕಯಂತ್ರದಷ್ಟೇ ಹಳೆಯದು. 1949ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ಕೆಲಸ ಆರಂಭಿಸಿತು. ಅದರ ನಿರ್ಮಾಪಕ ಮಾರಿಸ್ ವಿಲ್ಕ್ಸ್, ಖಗೋಳಜ್ಞ ಏರಿಯ ಹೆಸರಿನ ಅವಕಲ ಸಮೀಕರಣವನ್ನು ಬಿಡಿಸಲು ಬರೆದ ಪ್ರೋಗ್ರಾಮಿನ ಕರಡಿನಲ್ಲಿ 126 ಸಾಲುಗಳಿಗೆ ಸುಮಾರು 20 ತಪ್ಪುಗಳಿದ್ದವು! ಅವರ ಸಹೋದ್ಯೋಗಿ ಸ್ಟ್ಯಾನ್ಲಿ ಗಿಲ್ 1951ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಪ್ರೋಗ್ರಾಮನ್ನು ಯಂತ್ರಕ್ಕೆ ನೇರವಾಗಿ ಒಪ್ಪಿಸದೆ, ಇನ್ನೊಂದು ಪ್ರೋಗ್ರಾಮು ಅದರ ಒಂದೊಂದೇ ಆದೇಶವನ್ನು ಎತ್ತಿಕೊಂಡು ಮುದ್ರಿಸಿ ನಡೆಸುವುದು. ರುಂಗೆ-ಕುಟ್ಟ-ಗಿಲ್ ವಿಧಾನವನ್ನು ನೀವು ಓದಿದ್ದರೆ, ಆ ಗಿಲ್ ಇವರೇ.

ನಮ್ಮ ನಾಡಿನ ಉದಾಹರಣೆಗೆ ಬರೋಣ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 'ಜೆನೆಸಿಸ್' ಎಂಬ ನರಕೋಶ ತಂತ್ರಾಂಶವನ್ನು ರೂಪಿಸಿದವರಲ್ಲಿ ಒಬ್ಬರಾದ ಉಪಿಂದರ್ ಭಲ್ಲಾ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಅದರ ಉತ್ತರಾಧಿಕಾರಿಯಾಗಿ 'ಮೂಸ್' ಅನ್ನು ಬೆಳೆಸಿದರು. ಇದರ ತಿರುಳು ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ. ಪೈಥಾನ್‌ನಿಂದ ಅದನ್ನು ನಡೆಸುವ 'ಪೈಮೂಸ್' ಕುರಿತ ಲೇಖನ 2008ರಲ್ಲಿ ಪ್ರಕಟವಾಯಿತು. (ಇದರ ಆವೃತ್ತಿಗಳಿಗೆ ಘೇವರ್, ಚಮ್‌ಚಮ್ ಎಂದು ಸಿಹಿತಿಂಡಿಗಳ ಹೆಸರು. ಗಂಭೀರ ವಿಜ್ಞಾನಕ್ಕೂ ನಾಲಿಗೆ ಇದೆ!)

ಗಿಲ್ ಅವರ ಉಪಾಯ ಪೈಥಾನ್‌ನಲ್ಲಿ ಸಿದ್ಧವಾಗಿಯೇ ಇದೆ. 'ಸೆಟ್‌ಟ್ರೇಸ್' ಎಂಬ ಸೌಲಭ್ಯ ಪ್ರತಿ ಸಾಲು ನಡೆಯುವ ಮುನ್ನ ನಾವು ಹೇಳಿದ ಫಲನವನ್ನು ಕರೆಯುತ್ತದೆ. ಜೊತೆಗೆ ಬರುವ 'ಪಿಡಿಬಿ' ಇದನ್ನೇ ಆಧರಿಸಿದೆ. ಅದು ಕೀಲಿಮಣೆಯಿಂದ ಓದಿ ಪರದೆಗೆ ಬರೆಯುವ ಬದಲು ಜಾಲದ ಸಾಕೆಟ್‌ನಿಂದ ಓದಿ ಅಲ್ಲಿಗೇ ಬರೆಯುವಂತೆ ಮಾಡಿದರೆ ದೂರದ ಡೀಬಗ್ಗರ್ ಸಿದ್ಧ.

ಆದರೆ ಒಂದು ತೊಡಕಿದೆ. ಮೂಸ್‌ಗೆ 'ಹತ್ತು ಸೆಕೆಂಡಿನ ಸಿಮ್ಯುಲೇಶನ್ ನಡೆಸು' ಎಂದರೆ ಪೈಥಾನ್ ದೃಷ್ಟಿಯಲ್ಲಿ ಅದು ಒಂದೇ ಸಾಲು. ಒಳಗಿನ ಲಕ್ಷಾಂತರ ಹೆಜ್ಜೆಗಳು ಸಿ ಪ್ಲಸ್ ಪ್ಲಸ್‌ನಲ್ಲಿ ನಡೆಯುವುದರಿಂದ ಸೆಟ್‌ಟ್ರೇಸ್‌ಗೆ ಕಾಣುವುದಿಲ್ಲ. ಆದ್ದರಿಂದ ಹತ್ತು ಸೆಕೆಂಡನ್ನು ಹತ್ತು ಮಿಲಿಸೆಕೆಂಡಿನ ಸಾವಿರ ತುಂಡು ಮಾಡಿ. ಪ್ರತಿ ತುಂಡಿನ ಕೊನೆಗೆ ಸಾಕೆಟ್‌ನಲ್ಲಿ ಪ್ರಶ್ನೆ ಬಂದಿದೆಯೇ ನೋಡಿ, ಬಂದಿದ್ದರೆ ವಿಭವದ ಬೆಲೆ ಕಳುಹಿಸಿ ಮುಂದುವರಿಯಿರಿ. ಲೆಕ್ಕ ನಿಲ್ಲುವುದಿಲ್ಲ.

2025ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.14ರಲ್ಲಿ, ಮೊದಲೇ ಸಿದ್ಧತೆ ಮಾಡದಿದ್ದರೂ, ಓಡುತ್ತಿರುವ ಪ್ರೋಗ್ರಾಮಿಗೆ ಪಿಡಿಬಿಯನ್ನು ಜೋಡಿಸಬಹುದು. ಆಗಲೂ ಹಿಡಿತ ಪೈಥಾನ್‌ಗೆ ಮರಳುವವರೆಗೆ ಕಾಯಲೇಬೇಕು. ತುಂಡು ಮಾಡುವ ಕೆಲಸ ತಪ್ಪದು. ಇನ್ನು ಡೀಬಗ್ಗರ್‌ನ ಸಾಕೆಟ್ಟನ್ನು ಜಾಲಕ್ಕೆ ಬಹಿರಂಗವಾಗಿ ತೆರೆದಿಡಬೇಡಿ. ಅದರ ಮೂಲಕ ಯಾರು ಬೇಕಾದರೂ ಆ ಯಂತ್ರದಲ್ಲಿ ಯಾವ ಆದೇಶವನ್ನಾದರೂ ನಡೆಸಬಲ್ಲರು. ಎಸ್‌ಎಸ್‌ಎಚ್ ಮೂಲಕವೇ ಹೋಗಿ.

ಒಳಗೆ ಇಣುಕಿದಾಗ ಮೊದಲು ಏನು ನೋಡಬೇಕು? ಏಕಮಾನ. ಮೂಸ್ ಎಲ್ಲವನ್ನೂ ಎಸ್‌ಐ ಏಕಮಾನದಲ್ಲಿ ನಿರೀಕ್ಷಿಸುತ್ತದೆ. ಪಠ್ಯಪುಸ್ತಕದ ಮೈನಸ್ 65 ಮಿಲಿವೋಲ್ಟನ್ನು ಮೈನಸ್ 0.065 ಎಂದು ಕೊಡದೆ ಮೈನಸ್ 65 ಎಂದೇ ಕೊಟ್ಟರೆ ಪ್ರೋಗ್ರಾಮು ಆಕ್ಷೇಪಿಸದೆ 65 ವೋಲ್ಟಿನ ನರಕೋಶವೊಂದನ್ನು ಕಟ್ಟಿಬಿಡುತ್ತದೆ.