ಸಂತಾನಗಳ ನಡುವಣ ಅಂತರ: ಸಂಯಮ ಮತ್ತು ಅಹಿಂಸೆಯ ದೃಷ್ಟಿಯಲ್ಲಿ

ಗೃಹಸ್ಥನ ಬಾಳಿನಲ್ಲಿ ಸಂತಾನವನ್ನು ಪುಣ್ಯೋದಯದ ಫಲವೆಂದು ನಮ್ಮ ಹಿರಿಯರು ಭಾವಿಸಿದರು. ಆದರೆ ಒಂದು ಮಗುವಿಗೂ ಮುಂದಿನ ಮಗುವಿಗೂ ಎಷ್ಟು ಅಂತರವಿರಬೇಕು, ಅದನ್ನು ಯಾರು ನಿರ್ಣಯಿಸಬೇಕು ಎಂಬ ಪ್ರಶ್ನೆ ಬಹುಕಾಲ ಮನೆಯ ಒಳಗೇ ಉಳಿಯಿತು. ಕಳೆದ ನೂರು ವರ್ಷಗಳ ಇತಿಹಾಸವು ಇದಕ್ಕೆ ಮನನಯೋಗ್ಯವಾದ ಉತ್ತರವನ್ನು ನೀಡುತ್ತದೆ.

ಹಿಂದೆ ಈ ಅಂತರವನ್ನು ಬಹುಮಟ್ಟಿಗೆ ಪದ್ಧತಿಗಳೇ ಕಾಪಾಡುತ್ತಿದ್ದವು. ಹೆರಿಗೆಗೆಂದು ತವರಿಗೆ ಹೋದ ಮಗಳು ಬಾಣಂತನ ಮುಗಿಸಿ ಕೆಲವು ತಿಂಗಳ ಅನಂತರ ಪತಿಗೃಹಕ್ಕೆ ಮರಳುತ್ತಿದ್ದಳು. ಮಗುವಿಗೆ ದೀರ್ಘಕಾಲ ಎದೆಹಾಲೂಡುವುದರಿಂದಲೂ ಮರುಗರ್ಭ ತಡವಾಗುತ್ತಿತ್ತು. ವ್ರತನಿಷ್ಠ ಶ್ರಾವಕರು ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣ ಪರ್ವದ ದಿನಗಳಲ್ಲಿ ಬ್ರಹ್ಮಚರ್ಯವನ್ನು ಪಾಲಿಸುತ್ತಿದ್ದರು. ಆದರೂ ಮೇಲಿಂದ ಮೇಲೆ ಹೆರಿಗೆಯಾಗಿ ಬಸವಳಿದ ತಾಯಂದಿರು ಯಾವ ಸಮಾಜದಲ್ಲಿಯೂ ಅಪರೂಪವಾಗಿರಲಿಲ್ಲ.

ಈ ದುಃಖವನ್ನು ಕಂಡು 1921ರಲ್ಲಿ ರಘುನಾಥ ಧೋಂಡೋ ಕರ್ವೆಯವರು ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವನ್ನು ತೆರೆದರು. 1930ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರವು ಅಂತಹ ಚಿಕಿತ್ಸಾಲಯಗಳನ್ನು ತಾನೇ ಆರಂಭಿಸಿತು. ಸರ್ಕಾರವೊಂದು ನಡೆಸಿದ ಇಂತಹ ಸಂಸ್ಥೆಗಳಲ್ಲಿ ಅವು ಜಗತ್ತಿನಲ್ಲಿಯೇ ಮೊದಮೊದಲಿನವು.

ಗಾಂಧೀಜಿಯವರ ಮಾರ್ಗ ಬೇರೆಯಾಗಿತ್ತು. ಜೈನ ಚಿಂತಕರೂ ರತ್ನವ್ಯಾಪಾರಿಗಳೂ ಆಗಿದ್ದ ಶ್ರೀಮದ್ ರಾಜಚಂದ್ರರ ಪ್ರಭಾವವನ್ನು ಸ್ಮರಿಸುತ್ತಿದ್ದ ಅವರು 1906ರಲ್ಲಿ ಬ್ರಹ್ಮಚರ್ಯ ವ್ರತವನ್ನು ಸ್ವೀಕರಿಸಿದ್ದರು. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರು ವಾರ್ಧಾಕ್ಕೆ ಬಂದು ಚರ್ಚಿಸಿದಾಗ, ಗಾಂಧೀಜಿ ಕೃತಕ ಸಾಧನಗಳನ್ನು ಒಪ್ಪದೆ ಸಂಯಮವನ್ನೇ ಎತ್ತಿಹಿಡಿದರು. ಆದರೆ ಪತಿಯ ಇಚ್ಛೆಗೆ 'ಬೇಡ' ಎನ್ನುವ ಅಧಿಕಾರ ಪತ್ನಿಗಿದೆಯೆಂದು ಅವರೂ ಒತ್ತಿ ಹೇಳಿದರು. ಉಪಾಯದಲ್ಲಿ ಭಿನ್ನರಾದ ಇಬ್ಬರೂ ತಾಯಿಯ ಸಮ್ಮತಿಯ ವಿಷಯದಲ್ಲಿ ಭಿನ್ನರಾಗಿರಲಿಲ್ಲ.

ಸ್ವತಂತ್ರ ಭಾರತವು 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಅದು ಅನೇಕ ಕಡೆ ಬಲಾತ್ಕಾರದ ಶಸ್ತ್ರಚಿಕಿತ್ಸೆಯ ರೂಪ ತಾಳಿ ಜನರ ವಿಶ್ವಾಸವನ್ನು ಕಳೆದುಕೊಂಡಿತು. ಒಳ್ಳೆಯ ಉದ್ದೇಶವೂ ಒತ್ತಾಯದಿಂದ ಹಿಂಸೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಒತ್ತಾಯ ಸರ್ಕಾರದಿಂದ ಮಾತ್ರ ಬರುವುದಿಲ್ಲ. ಹೆಣ್ಣುಮಗು ಹುಟ್ಟಿದ ಕೂಡಲೇ 'ಬೇಗ ಒಂದು ಗಂಡಾಗಲಿ' ಎನ್ನುವ ಹಿರಿಯರ ಮಾತೂ ಒತ್ತಾಯವೇ. 2011ರ ಜನಗಣತಿಯಂತೆ ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 889 ಮಾತ್ರ. ಇರುವೆಗೂ ನೋವಾಗದಂತೆ ನಡೆಯಬಯಸುವ ಸಮಾಜವು ಈ ಅಂಕಿಯ ಮುಂದೆ ತಲೆತಗ್ಗಿಸಬೇಕಾಗಿದೆ.

2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯು, ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯುವುದು ಕ್ಷೇಮವೆಂದು ಸಲಹೆ ನೀಡಿತು. ಅಂತರ ತೀರ ಕಡಿಮೆಯಾದರೆ ತಾಯಿಗೆ ರಕ್ತಹೀನತೆ, ಮಗುವಿಗೆ ಅಕಾಲ ಜನನ ಹಾಗೂ ಕಡಿಮೆ ತೂಕದ ಅಪಾಯ ಹೆಚ್ಚು. ಬಯಸದ ಗರ್ಭವು ಕೆಲವೊಮ್ಮೆ ಗರ್ಭಪಾತಕ್ಕೂ ದಾರಿಯಾಗುತ್ತದೆ. ಅದು ಪಂಚೇಂದ್ರಿಯ ಜೀವದ ಘಾತ.

ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಗುರುತಿಸಿದೆ. ತಿಳಿದೂ ತಾಯಿಯ ದೇಹವನ್ನು ಲೆಕ್ಕಿಸದಿರುವುದು ಪ್ರಮಾದವಲ್ಲದೆ ಮತ್ತೇನು? ಸಂಯಮದಿಂದ ಅಂತರವನ್ನು ಕಾಯಬಲ್ಲ ದಂಪತಿಗಳು ಧನ್ಯರು. ಅಷ್ಟು ಸಾಧ್ಯವಾಗದವರು ವೈದ್ಯರ ಸಲಹೆ ಪಡೆಯುವುದರಲ್ಲಿ ಸಂಕೋಚವಿರಕೂಡದು. ಬಸದಿಗಳ ಆಡಳಿತ ಮಂಡಳಿಗಳು ಪರ್ವಕಾಲದಲ್ಲಿ ಮಹಿಳಾ ವೈದ್ಯರ ಉಪನ್ಯಾಸವೊಂದನ್ನು ಏರ್ಪಡಿಸಿದರೆ ಅದೂ ಅಭಯದಾನವೇ. ನಿರ್ಣಯವು ಪತಿಪತ್ನಿಯರದಾಗಿರಲಿ, ಅದರಲ್ಲಿ ಮೊದಲ ಮಾತು ಹೊರುವ ತಾಯಿಯದಾಗಿರಲಿ.