ತೆಗೆಯಲಾಗದ್ದು ಯಾವುದು, ಹೊರಗುಳಿದದ್ದು ಯಾವುದು

2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಸಿ.ಡಿ.ಯಲ್ಲಿ ಕನ್ನಡವೂ ಇತ್ತು. ತೀರ್ಥಹಳ್ಳಿಯ ಮಗ್ಗುಲಲ್ಲಿ ಹರಿಯುವ ನದಿಯ ಹೆಸರನ್ನೇ ಹೊತ್ತ 'ತುಂಗಾ' ಫಾಂಟ್ ಇತ್ತು, ಇನ್‌ಸ್ಕ್ರಿಪ್ಟ್ ಕೀಲಿಮಣೆ ಇತ್ತು. ಆದರೆ ಅವು ತಾವಾಗಿ ಎಚ್ಚರಗೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಭಾಷೆಗಳ ವಿಭಾಗ ತೆರೆದು, ಸಂಕೀರ್ಣ ಲಿಪಿಗಳ ಮುಂದಿನ ಚೌಕಕ್ಕೆ ಟಿಕ್ ಹಾಕಿ, ಸಿ.ಡಿ. ತುರುಕಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಬೇಕಿತ್ತು. ಸಿ.ಡಿ. ಕೈಯಲ್ಲಿಲ್ಲದವರಿಗೆ ಕನ್ನಡದ ಪುಟಗಳು ಬರೀ ಚೌಕಗಳಾಗಿ ಕಾಣುತ್ತಿದ್ದವು. ಅದೇ ಎಕ್ಸ್‌ಪಿಯಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಬೇಡವೆಂದರೂ ಹೋಗುತ್ತಿರಲಿಲ್ಲ.

ಆಪರೇಟಿಂಗ್ ಸಿಸ್ಟಂನಲ್ಲಿ ಯಾವುದು ಮೂಲ, ಯಾವುದು ಹೆಚ್ಚುವರಿ ಎಂದು ತೀರ್ಮಾನಿಸುವವರು ಯಾರು? ಬೇಡದ ತಂತ್ರಾಂಶ ತೆಗೆಯುವ ಪ್ರಯತ್ನಗಳ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆದಿದೆ.

ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ಅಮೆರಿಕದ ನ್ಯಾಯಾಲಯದಲ್ಲಿ. 1998ರ ಮೇ ತಿಂಗಳಲ್ಲಿ ಅಲ್ಲಿನ ನ್ಯಾಯ ಇಲಾಖೆ ಮತ್ತು ಹಲವು ರಾಜ್ಯಗಳು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿದವು. ಬ್ರೌಸರ್ ವಿಂಡೋಸಿನ ಅವಿಭಾಜ್ಯ ಅಂಗ, ಅದನ್ನು ಬೇರ್ಪಡಿಸಿದರೆ ವ್ಯವಸ್ಥೆಯೇ ಕೆಡುತ್ತದೆ ಎಂಬುದು ಕಂಪನಿಯ ವಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ವಿಂಡೋಸ್ 98ರಿಂದ ಎಕ್ಸ್‌ಪ್ಲೋರರನ್ನು ಮರೆಮಾಡುವ ಪ್ರೋಗ್ರಾಂ ಬರೆದು ಸಾಕ್ಷಿ ನುಡಿದರು. ಅದೇ ಹೊತ್ತಿಗೆ ಶೇನ್ ಬ್ರೂಕ್ಸ್ ಎಂಬ ಸಂಶೋಧಕ '98ಲೈಟ್' ಎಂಬ ಸಾಧನ ಕಟ್ಟಿ, ಬ್ರೌಸರ್ ಕಿತ್ತ ವಿಂಡೋಸ್ ಹಗುರಾಗಿ ಓಡುತ್ತದೆಂದು ತೋರಿಸಿದರು. ಕಂಪನಿಯನ್ನು ಇಬ್ಭಾಗ ಮಾಡಬೇಕೆಂಬ 2000ದ ಆದೇಶ ಮರುವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ರಾಜಿಯ ನಂತರ ಎಕ್ಸ್‌ಪಿಗೆ ಸೇರಿದ್ದು, ಎಕ್ಸ್‌ಪ್ಲೋರರಿನ ಐಕಾನನ್ನು ಕಣ್ಣಿಂದ ಮರೆಮಾಡುವ ಒಂದು ಕಿಟಕಿ. ಕಡತಗಳು ಡಿಸ್ಕಿನಲ್ಲಿ ಹಾಗೇ ಉಳಿದವು.

ನ್ಯಾಯಾಲಯ ಕೊಡದಿದ್ದುದನ್ನು ಹವ್ಯಾಸಿಗಳು ಕೊಟ್ಟರು. ಎಕ್ಸ್‌ಪಿ ಕಾಲದ 'ಎನ್‌ಲೈಟ್' ತೆಗೆದುಕೊಂಡ ದಾರಿಯೇ ಬೇರೆ: ವಿಂಡೋಸ್ ಹಾಕಿದ ಮೇಲೆ ತೆಗೆಯುವುದಲ್ಲ, ಹಾಕುವ ಸಿ.ಡಿ.ಯಿಂದಲೇ ಬೇಡದ ಭಾಗಗಳನ್ನು ಬಿಟ್ಟು ಹೊಸ ಸಿ.ಡಿ. ಬರೆಯುವುದು. ಕಡಿಮೆ ರ‍್ಯಾಮಿನ ಯಂತ್ರಗಳಿಗೆ ಇದು ವರವಾಯಿತು. ಆದರೆ ಅದರ ಪಟ್ಟಿಯಲ್ಲಿ ಕೀಲಿಮಣೆಗಳು, ಭಾಷೆಗಳು ಕೂಡ ತೆಗೆಯಬಹುದಾದ ಸಾಮಾನುಗಳೇ. ಇಂಗ್ಲಿಷ್ ಬಳಕೆದಾರ ಅನವಶ್ಯಕ ಎಂದು ಬಿಡುವ ಭಾಷೆಗಳಲ್ಲಿ ಕನ್ನಡವೂ ಸೇರಿಕೊಳ್ಳುತ್ತದೆ. ಜಾಗ ಉಳಿಸಲು ಸಿದ್ಧಪಡಿಸಿದ ಇಂಥ ಡಿಸ್ಕು ಕೈಯಿಂದ ಕೈಗೆ ದಾಟಿ ನಮ್ಮ ಕಡೆಯ ಕಂಪ್ಯೂಟರಿಗೆ ಬಂದರೆ, ಹೋದದ್ದು ಏನೆಂದು ಅದರ ಮುಂದೆ ಕೂತವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿ ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದ್ದು ಇದೇ ದಶಕದಲ್ಲಿ. ಭಾಷೆ ಯಂತ್ರದೊಳಗೇ ಬೇರುಬಿಡಬೇಕೆಂಬ ಆ ಕಾಳಜಿ ಎಷ್ಟು ಸಕಾಲಿಕವಾಗಿತ್ತೆಂದು ಈಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಈ ನಡುವೆ ಇನ್ನೊಂದು ಬಗೆಯ ಹೊರೆ ಬೆಳೆದಿತ್ತು. ಲ್ಯಾಪ್‌ಟಾಪ್ ತಯಾರಕರೇ ಹಣ ಪಡೆದು ತುಂಬುವ ಟ್ರಯಲ್ ಆಂಟಿವೈರಸ್, ಟೂಲ್‌ಬಾರ್, ಆಟಗಳು. 2008ರಲ್ಲಿ ಸೋನಿ ತನ್ನ ಕೆಲವು ಲ್ಯಾಪ್‌ಟಾಪ್‌ಗಳಿಂದ ಇವನ್ನು ತೆಗೆದುಕೊಡಲು 50 ಡಾಲರ್ ಶುಲ್ಕ ಇಟ್ಟು, ಟೀಕೆ ಬಂದ ಕೂಡಲೇ ಕೈಬಿಟ್ಟಿತು. ಇವು ಬರೀ ಕಿರಿಕಿರಿಯಲ್ಲ, ಅಪಾಯ ಎಂದು ಸಾಬೀತಾದದ್ದು 2015ರ ಫೆಬ್ರವರಿಯಲ್ಲಿ. ಲೆನೊವೊದ ಕೆಲವು ಮಾದರಿಗಳಲ್ಲಿ ಮೊದಲೇ ಹಾಕಿದ್ದ 'ಸೂಪರ್‌ಫಿಶ್' ಜಾಹೀರಾತು ತೋರಿಸುವುದಕ್ಕಾಗಿ, ಬ್ಯಾಂಕಿನಂಥ ಸುರಕ್ಷಿತ ತಾಣಗಳ ಸಂಪರ್ಕದ ನಡುವೆಯೂ ನುಸುಳುತ್ತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಗುಪ್ತಕೀಲಿ ಇದ್ದುದರಿಂದ ಅದು ಯಾರ ಕೈಗೆ ಸಿಕ್ಕರೂ ಎಲ್ಲರ ಸಂಪರ್ಕಕ್ಕೂ ಕನ್ನ ಹಾಕಬಹುದಿತ್ತು. ಪ್ರೋಗ್ರಾಂ ತೆಗೆದರೂ ಅದು ನೆಟ್ಟಿದ್ದ ಪ್ರಮಾಣಪತ್ರ ಉಳಿಯುತ್ತಿತ್ತು, ಅದನ್ನು ಬೇರೆಯಾಗಿಯೇ ಹುಡುಕಿ ಅಳಿಸಬೇಕಿತ್ತು.

ಅದೇ ವರ್ಷ ಬಂದ ವಿಂಡೋಸ್ 10 ಆಟದ ನಿಯಮವನ್ನೇ ಬದಲಿಸಿತು. ಸ್ಟಾರ್ಟ್ ಮೆನುವಿನಲ್ಲಿ ಕೇಳದೆಯೇ ಕ್ಯಾಂಡಿ ಕ್ರಶ್ ಬಂದು ಕೂತಿತು. ಸ್ಟೋರ್ ಆ್ಯಪ್‌ಗಳು ಎರಡು ಕಡೆ ನೆಲೆಸಿರುತ್ತವೆ: ಒಂದು ಈಗಿನ ಬಳಕೆದಾರನ ಖಾತೆಯಲ್ಲಿ, ಇನ್ನೊಂದು ಮುಂದೆ ಹುಟ್ಟುವ ಖಾತೆಗಳಿಗಾಗಿ ಕಾದಿಟ್ಟ ದಾಸ್ತಾನಿನಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದರೆ ಮೊದಲನೆಯದು ಮಾತ್ರ ಹೋಗುತ್ತದೆ. ಮಗಳಿಗೆಂದು ಹೊಸ ಖಾತೆ ತೆರೆದರೆ ಎಲ್ಲವೂ ಮತ್ತೆ ಹಾಜರ್. ದಾಸ್ತಾನಿನಿಂದಲೂ ತೆಗೆಯಲು ಪವರ್‌ಶೆಲ್‌ನಲ್ಲಿ ಬೇರೆ ಆಜ್ಞೆ ಬೇಕು. ಹಾಗೆ ತೆಗೆದರೂ ದೊಡ್ಡ ಅಪ್‌ಡೇಟಿನ ಜೊತೆ ಕೆಲವು ಮರಳಿ ಬರುತ್ತಿದ್ದವು.

ಬೆಂಗಳೂರಿನಲ್ಲಿ ಕೂತವರಿಗೆ ಇದು ರುಚಿಯ ಪ್ರಶ್ನೆ ಅನ್ನಿಸಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ಹಾಗಲ್ಲ. ಈ ಭಾಗದಲ್ಲಿ 2021ರಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಭಿಯಾನವೇ ನಡೆದಿತ್ತು. ಕೊರೋನಾ ಕಾಲದಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಮಳೆಗೆ ಕೊಡೆ ಹಿಡಿದು ಪಾಠ ಕೇಳಿದ ಮಕ್ಕಳ ಊರುಗಳಿವು. ಮೊಬೈಲಿನ ಹಾಟ್‌ಸ್ಪಾಟೇ ಮನೆಯ ಇಂಟರ್ನೆಟ್ ಆಗಿರುವಾಗ, ಯಾರೂ ತೆರೆಯದ ಆ್ಯಪ್‌ಗಳು ಹಿನ್ನೆಲೆಯಲ್ಲಿ ತಮ್ಮನ್ನು ತಾವೇ ಅಪ್‌ಡೇಟ್ ಮಾಡಿಕೊಂಡರೆ ಆ ದಿನದ ಡೇಟಾ ಮುಗಿಯಿತು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೂ ಇದಕ್ಕೇ ತಗುಲಿಕೊಂಡಿದೆ. 'ಸಿಸ್ಟಂ ಸ್ಲೋ ಆಗಿದೆ' ಎಂದು ಪೇಟೆಯ ಅಂಗಡಿಗೆ ಕೊಟ್ಟರೆ ಸಿಗುವ ಔಷಧ ಒಂದೇ: ಫಾರ್ಮ್ಯಾಟ್ ಹೊಡೆದು ಹೊಸದಾಗಿ ಓಎಸ್ ಹಾಕುವುದು. ಅದರೊಂದಿಗೆ ಬೇಡದ ಆ್ಯಪ್‌ಗಳೆಲ್ಲ ಹೊಸದಾಗಿಯೇ ಬರುತ್ತವೆ.

ಕಾನೂನಿನ ದಾರಿಯಲ್ಲಿ ಹೆಚ್ಚು ದೂರ ಹೋದದ್ದು ಯುರೋಪು. 2004ರಲ್ಲಿ ಮೈಕ್ರೋಸಾಫ್ಟಿಗೆ 49.7 ಕೋಟಿ ಯೂರೋ ದಂಡ ವಿಧಿಸಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸ್ ಮಾರಿಸಿತು. 2010ರಲ್ಲಿ ಬ್ರೌಸರ್ ಆಯ್ಕೆಯ ಪರದೆ ತರಿಸಿತು. ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ 2024ರ ಮಾರ್ಚಿನಲ್ಲಿ ಪೂರ್ತಿ ಅನ್ವಯವಾದ ಮೇಲೆ ಅಲ್ಲಿಯವರು ಎಡ್ಜ್ ಬ್ರೌಸರನ್ನೂ ಅನ್‌ಇನ್‌ಸ್ಟಾಲ್ ಮಾಡಬಹುದು. ವಿಂಡೋಸ್ ಅದೇ, ಕೋಡ್ ಅದೇ. ಹೊಸ ಕಂಪ್ಯೂಟರ್ ಸಿದ್ಧಪಡಿಸುವಾಗ ಆರಿಸಿದ ದೇಶ ಜರ್ಮನಿಯಾದರೆ ಆ ಗುಂಡಿ ಕೆಲಸ ಮಾಡುತ್ತದೆ, ಭಾರತವಾದರೆ ಇಲ್ಲ. ತಾಂತ್ರಿಕವಾಗಿ ಅಸಾಧ್ಯ ಎಂಬ 1998ರ ವಾದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಹೊಸನಗರದ ಬಳಕೆದಾರನಿಗೆ ಆ ಗುಂಡಿ ಏಕಿಲ್ಲ ಎಂದು ಕೇಳಬೇಕಾದ್ದು ದೆಹಲಿಯನ್ನು.

ದೆಹಲಿ ಸುಮ್ಮನೆ ಕೂತಿಲ್ಲ, ಆದರೆ ಅದರ ನಡೆ ಎರಡು ದಿಕ್ಕಿಗಿದೆ. ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ಇರುವ ತನ್ನ ಆ್ಯಪ್‌ಗಳನ್ನು ಬಳಕೆದಾರರು ತೆಗೆಯುವುದಕ್ಕೆ ಅಡ್ಡಿ ಮಾಡಬಾರದೆಂದೂ ಹೇಳಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ರದ್ದು ಮಾಡಿದ ನಾಲ್ಕು ನಿರ್ದೇಶನಗಳಲ್ಲಿ ಆ್ಯಪ್ ತೆಗೆಯುವ ಕುರಿತ ಈ ನಿರ್ದೇಶನವೂ ಒಂದು. 2025ರ ನವೆಂಬರ್ ಕೊನೆಯಲ್ಲಿ ಹೊಸ ಫೋನುಗಳಲ್ಲಿ 'ಸಂಚಾರ್ ಸಾಥಿ' ಆ್ಯಪ್ ಮೊದಲೇ ಇರಬೇಕೆಂದು ದೂರಸಂಪರ್ಕ ಇಲಾಖೆ ಆದೇಶಿಸಿ, ವಿರೋಧ ಬಂದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಾಕುವವರು ಕಂಪನಿಯಾಗಲಿ ಸರ್ಕಾರವಾಗಲಿ, ತೆಗೆಯುವ ಅಧಿಕಾರ ಸಾಧನಕ್ಕೆ ದುಡ್ಡು ಕೊಟ್ಟವರಿಗೆ ಇರಬೇಕು.

ಕಾನೂನು ಕೈಗೆ ಬಾರದ ಕಡೆ ಇಂದಿಗೂ ಆಸರೆ ಹವ್ಯಾಸಿಗಳೇ. ಕ್ರಿಸ್ ಟೈಟಸ್ ಅವರ 'ವಿನ್‌ಯುಟಿಲ್', 'ವಿನ್11ಡಿಬ್ಲೋಟ್' ಮುಂತಾದವು ಒಂದೇ ಆಜ್ಞೆಯಲ್ಲಿ ಹತ್ತಾರು ಆ್ಯಪ್ ತೆಗೆಯುತ್ತವೆ. 'ಟೈನಿ11' ವಿಂಡೋಸ್ 11ನ್ನೇ ಸೊರಗಿಸಿ ಕೊಡುತ್ತದೆ. ಇವುಗಳಲ್ಲೂ ಎಚ್ಚರ ಬೇಕು. ಟೈನಿ11ರ 'ಕೋರ್' ರೂಪಕ್ಕೆ ಆಮೇಲೆ ಭಾಷೆಗಳನ್ನಾಗಲಿ, ಅಪ್‌ಡೇಟ್‌ಗಳನ್ನಾಗಲಿ ಸೇರಿಸಲು ಬರುವುದಿಲ್ಲ. ಅಂದಹಾಗೆ, ತುಂಗಾ ಫಾಂಟ್ ವಿಂಡೋಸ್ 10ರಿಂದೀಚೆಗೆ ಮತ್ತೆ ಹೊರಗಿದೆ. ಕನ್ನಡ ಕಾಣಲು ನಿರ್ಮಲಾ ಫಾಂಟ್ ಇರುತ್ತದೆ, ತುಂಗಾ ಬೇಕೆಂದವರು ಆಪ್ಷನಲ್ ಫೀಚರ್ಸ್‌ನಿಂದ ಇಳಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಹಿಂದಿನ ಕನ್ನಡ ಕಡತಗಳಿರುವ ಕಚೇರಿಯಲ್ಲಿ ಕೋರ್ ಹಾಕಿದರೆ ಆ ದಾರಿಯೂ ಮುಚ್ಚಿತು. ಎಡ್ಜನ್ನು ಬಲವಂತವಾಗಿ ಕಿತ್ತರೆ, ಹಳೆಯ ತಾಣಗಳನ್ನು ತೆರೆಯಲು ಅದರೊಳಗಿರುವ ಎಕ್ಸ್‌ಪ್ಲೋರರ್ ಮೋಡ್ ಕೂಡ ಹೋಗುತ್ತದೆ.

ಆದ್ದರಿಂದ ಮಲೆನಾಡಿನ ಮನೆಗೆ ಹೊಂದುವ ಕ್ರಮ ನಿಧಾನದ್ದು. ಮೊದಲು ಬ್ಯಾಕಪ್, ಒಂದು ರಿಸ್ಟೋರ್ ಪಾಯಿಂಟ್. ಆಮೇಲೆ ಟ್ರಯಲ್ ಆಂಟಿವೈರಸ್, ಆಟಗಳು, ತಯಾರಕರ ಜಾಹೀರಾತಿನ ಆ್ಯಪ್‌ಗಳನ್ನು ಸೆಟ್ಟಿಂಗ್ಸ್‌ನಿಂದಲೇ ಒಂದೊಂದಾಗಿ ತೆಗೆಯುವುದು. ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಆಫ್ ಮಾಡಿ, ಹಾಟ್‌ಸ್ಪಾಟನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತಿಸುವುದು. ಹಾಗೆ ಗುರುತಿಸಿದರೆ ಹಿನ್ನೆಲೆಯ ಡೌನ್‌ಲೋಡ್ ಬಹುಪಾಲು ನಿಲ್ಲುತ್ತದೆ. ಸ್ಟೋರ್, ಡಿಫೆಂಡರ್, ಭಾಷೆಯ ಘಟಕಗಳನ್ನು ಮುಟ್ಟಬಾರದು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳವರು ಲಿನಕ್ಸ್ ಕಡೆ ನೋಡುತ್ತಿದ್ದಾರೆ. ಅಲ್ಲಿ ಬ್ರೌಸರನ್ನೂ ಒಂದು ಸಾಲಿನ ಆಜ್ಞೆಯಲ್ಲಿ ತೆಗೆಯಬಹುದು. ಇತ್ತ ವಿಂಡೋಸ್ 11ರ 25ಎಚ್2 ಆವೃತ್ತಿಯಲ್ಲಿ, ಮೊದಲೇ ಇರುವ ಸ್ಟೋರ್ ಆ್ಯಪ್‌ಗಳನ್ನು ಪಟ್ಟಿ ಹಿಡಿದು ತೆಗೆದುಹಾಕುವ ಅಧಿಕೃತ ನೀತಿಯೊಂದನ್ನು ಮೈಕ್ರೋಸಾಫ್ಟೇ ಕೊಟ್ಟಿದೆ. ಎಂಟರ್‌ಪ್ರೈಸ್ ಮತ್ತು ಎಜುಕೇಶನ್ ಆವೃತ್ತಿಗಳಿಗೆ ಮಾತ್ರ. ಸಾಗರದ ಕಾಲೇಜೊಂದರ ಲ್ಯಾಬಿನಲ್ಲಿ ಎಜುಕೇಶನ್ ಆವೃತ್ತಿ ಇದ್ದರೆ ಅಲ್ಲಿನ ಸಿಬ್ಬಂದಿ ಇದನ್ನು ಇಂದೇ ಜಾರಿಗೆ ತರಬಹುದು. ಅದೇ ಕಾಲೇಜಿನ ವಿದ್ಯಾರ್ಥಿಯ ಮನೆಯಲ್ಲಿರುವ ಹೋಮ್ ಆವೃತ್ತಿಯಲ್ಲಿ ಆ ನೀತಿ ಇಲ್ಲ.